ಕುರಕುಂಭದ ಹೊಗೆ, ಗ್ಲಾಸ್ಗೋದ ಮಾತು: ಹವಾಮಾನ ರಾಜಕಾರಣದ ಐದು ತಪ್ಪು ಕಲ್ಪನೆಗಳು

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ, ದೌಂಡ್ ತಾಲೂಕಿನಲ್ಲಿರುವ ಕುರಕುಂಭ ಎರಡು ಕಾರಣಕ್ಕೆ ಹೆಸರಾದ ಊರು: ಒಂದು ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ರಾಸಾಯನಿಕ ಕಾರ್ಖಾನೆಗಳ ಎಂಐಡಿಸಿ ಕೈಗಾರಿಕಾ ಪ್ರದೇಶ. ದೌಂಡ್ ಪಕ್ಕದಲ್ಲಿ ಹರಿಯುವ ಭೀಮೆಯೇ ಉಜನಿ ಜಲಾಶಯ ದಾಟಿ ನಮ್ಮ ಅಫಜಲಪುರದ ಕಡೆಗೆ ಬರುತ್ತಾಳೆ. ಹೀಗಾಗಿ ಅಲ್ಲಿಯ ಗಾಳಿ, ನೀರು, ಮಳೆಯ ಮಾತು ಕಲಬುರಗಿ, ವಿಜಯಪುರದವರಿಗೂ ಸೇರಿದ್ದು. ಈ ಮಾತಿನ ನಡುವೆ ವಿಜ್ಞಾನ ಯಾವುದು, ರಾಜಕಾರಣ ಯಾವುದು ಎಂಬುದು ಮಾತ್ರ ಆಗಾಗ ಕಲಸಿಹೋಗುತ್ತದೆ.

ತಪ್ಪು ಕಲ್ಪನೆ 1: ಕಾರ್ಖಾನೆಯ ದುರ್ವಾಸನೆ, ಹೊಗೆಯೇ ಹವಾಮಾನ ಬದಲಾವಣೆ.

ಸತ್ಯ: ಎರಡೂ ಬೇರೆ. ಮೂಗಿಗೆ ಬಡಿಯುವುದು, ಕಣ್ಣು ಉರಿಸುವುದು, ಬಾವಿಯ ನೀರು ಕೆಡಿಸುವುದು ಸ್ಥಳೀಯ ಮಾಲಿನ್ಯ. ಅದಕ್ಕೆ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಇವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೊಣೆ ಹೊರಬೇಕು. ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರ್ಖಾನೆಗೆ ವಿದ್ಯುತ್ ಕೊಡುವ ದೂರದ ಕಲ್ಲಿದ್ದಲು ಸ್ಥಾವರದಿಂದ ಅದು ಹೊರಟರೂ ಪರಿಣಾಮ ಇಡೀ ಭೂಮಿಗೆ. ಗಂಧಕದ ಡೈಆಕ್ಸೈಡ್ ಕೆಲವು ದಿನಗಳಲ್ಲಿ ಗಾಳಿಯಿಂದ ಇಳಿದುಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಗಂಧಕದ ಕಣಗಳು ಬಿಸಿಲನ್ನು ಚದುರಿಸಿ ಭೂಮಿಯನ್ನು ತುಸು ತಂಪಾಗಿಸುತ್ತವೆ ಕೂಡ. ಹಾಗಾಗಿ ಹೊಗೆ ನಿಂತರೆ ಊರಿನವರ ಆರೋಗ್ಯ ಸುಧಾರಿಸುತ್ತದೆ, ಆದರೆ ಅಷ್ಟರಿಂದಲೇ ಭೂಮಿ ತಣ್ಣಗಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಹೋರಾಟ ಬೇಕು.

ತಪ್ಪು ಕಲ್ಪನೆ 2: ಹವಾಮಾನ ಬದಲಾವಣೆ ಪಾಶ್ಚಾತ್ಯರು ಕಟ್ಟಿದ ಕಥೆ.

ಸತ್ಯ: ಲೆಕ್ಕ ಹಾಕಿದವರು ಕುರಕುಂಭದ ಜಿಲ್ಲಾ ಕೇಂದ್ರದಲ್ಲೇ ಇದ್ದಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 1962ರಿಂದ ಮುಂಗಾರನ್ನು ಅಧ್ಯಯನ ಮಾಡುತ್ತಿದೆ. ಅಲ್ಲಿಯ ವಿಜ್ಞಾನಿಗಳು ಮುಂದೆ ನಿಂತು ಸಿದ್ಧಪಡಿಸಿದ 2020ರ ವರದಿಯ ಪ್ರಕಾರ, 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ. ಇದೇ ಸಂಸ್ಥೆಯ ಕಂಪ್ಯೂಟರ್ ಮಾದರಿಯ ಫಲಿತಾಂಶಗಳು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಅಂತರ್‌ಸರ್ಕಾರಿ ಸಮಿತಿಯ (ಐಪಿಸಿಸಿ) ವರದಿಗೂ ಬಳಕೆಯಾದವು.

ಹಾಗೆಂದು ಐಪಿಸಿಸಿ ತಪ್ಪನ್ನೇ ಮಾಡಿಲ್ಲ ಎಂದಲ್ಲ. ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಎಂದು 2007ರ ವರದಿ ಬರೆದಿತ್ತು. ವಿಜ್ಞಾನಿಗಳೇ ಅದನ್ನು ಪ್ರಶ್ನಿಸಿದರು. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪೊಪ್ಪಿಕೊಂಡಿತು. ತಪ್ಪಾಗಿದ್ದುದು ಇಸವಿ. ಹಿಮನದಿಗಳು ಕರಗುತ್ತಿರುವುದು ಸುಳ್ಳಾಗಲಿಲ್ಲ.

ತಪ್ಪು ಕಲ್ಪನೆ 3: ಯಾವ ದೇಶ ಏನು ಮಾಡಬೇಕೆಂದು ಐಪಿಸಿಸಿ ಆಜ್ಞೆ ಹೊರಡಿಸುತ್ತದೆ.

ಸತ್ಯ: 1988ರಲ್ಲಿ ಹುಟ್ಟಿದ ಐಪಿಸಿಸಿ ತಾನಾಗಿ ಸಂಶೋಧನೆಯನ್ನೂ ನಡೆಸುವುದಿಲ್ಲ, ನೀತಿಯನ್ನೂ ಹೇರುವುದಿಲ್ಲ. ಪ್ರಕಟವಾದ ಸಾವಿರಾರು ಪ್ರಬಂಧಗಳನ್ನು ಓದಿ, ತೂಗಿ ಹೇಳುತ್ತದೆ. ನೀತಿ ರೂಪಿಸುವವರಿಗಾಗಿ ಬರೆದ ಸಾರಾಂಶವನ್ನು ಭಾರತ, ಸೌದಿ ಅರೇಬಿಯಾ ಸೇರಿ ಸದಸ್ಯ ಸರ್ಕಾರಗಳೆಲ್ಲ ಸಾಲು ಸಾಲಾಗಿ ಓದಿ ಒಪ್ಪಬೇಕು. ಮನುಷ್ಯನ ಚಟುವಟಿಕೆಯಿಂದಲೇ ಭೂಮಿ ಬಿಸಿಯಾಗಿದೆ, ಅದರಲ್ಲಿ ಸಂದೇಹವಿಲ್ಲ ಎಂಬ 2021ರ ಮಾತಿಗೆ ಪೆಟ್ರೋಲಿಯಂ ಮಾರುವ ದೇಶಗಳ ಒಪ್ಪಿಗೆಯೂ ಇದೆ.

ಆಮೇಲಿನದು ರಾಜಕಾರಣ. ಅದೇ ವರ್ಷ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ‘ಕೈಬಿಡುವುದು’ ಎಂದಿದ್ದ ಕರಡು ಭಾರತದ ಒತ್ತಾಯದ ಮೇಲೆ ‘ಕಡಿಮೆ ಮಾಡುವುದು’ ಎಂದಾಯಿತು. ಭಾರತ ಘೋಷಿಸಿದ 2070ರ ನಿವ್ವಳ ಶೂನ್ಯದ ಗುರಿಯೂ ರಾಜಕೀಯ ತೀರ್ಮಾನವೇ. ನಮ್ಮ ತಲಾ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧವನ್ನೂ ಮುಟ್ಟದಿರುವಾಗ ಹೊರೆ ಎಷ್ಟು ಹೊರಬೇಕು ಎಂಬುದು ನ್ಯಾಯದ ಪ್ರಶ್ನೆ. ಅದನ್ನು ಥರ್ಮಾಮೀಟರ್ ತೀರ್ಮಾನಿಸಲಾರದು.

ತಪ್ಪು ಕಲ್ಪನೆ 4: ರಾಜಕಾರಣಿಗಳು ವಿಜ್ಞಾನಕ್ಕೆ ಎಂದೂ ಕಿವಿಗೊಟ್ಟಿಲ್ಲ.

ಸತ್ಯ: ಕೊಟ್ಟಿದ್ದಾರೆ. ಫ್ರಿಜ್ಜಿನ ಅನಿಲ ಓಜೋನ್ ಪದರಕ್ಕೆ ಕುತ್ತು ತರುತ್ತದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಹೇಳಿದ್ದು 1974ರಲ್ಲಿ. ಅಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾದದ್ದು 1987ರಲ್ಲಿ. ಬಡ ದೇಶಗಳಿಗೆ ಹಣ ಮತ್ತು ತಂತ್ರಜ್ಞಾನ ಬೇಕೆಂದು ಪಟ್ಟು ಹಿಡಿದ ಭಾರತ, ನಿಧಿಯ ಏರ್ಪಾಡಾದ ಮೇಲೆ 1992ರಲ್ಲಿ ಸೇರಿತು. ಬದಲಿಯಾಗಿ ಬಂದ ಅನಿಲಗಳೂ ಭೂಮಿಯನ್ನು ಬಿಸಿ ಮಾಡುತ್ತವೆಂದು ತಿಳಿದಾಗ 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದ ತಿದ್ದುಪಡಿಯಾಯಿತು. ಅಲ್ಲೂ ಚೌಕಾಶಿ ನಡೆದು ಭಾರತಕ್ಕೆ ಹೆಚ್ಚಿನ ಕಾಲಾವಕಾಶ ದೊರೆಯಿತು. ಅನಿಲದ ಗುಣ ಹೇಳಿದ್ದು ವಿಜ್ಞಾನ, ಗಡುವು ಗೊತ್ತುಮಾಡಿದ್ದು ರಾಜಕಾರಣ. ಎರಡೂ ತಮ್ಮ ತಮ್ಮ ಕೆಲಸ ಮಾಡಿದ್ದರಿಂದ ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ.

ತಪ್ಪು ಕಲ್ಪನೆ 5: ಬರ, ನೆರೆ ಎಲ್ಲಕ್ಕೂ ಹವಾಮಾನ ಬದಲಾವಣೆಯೇ ಕಾರಣ; ಸರ್ಕಾರ ಏನು ಮಾಡೀತು?

ಸತ್ಯ: ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ಅನುಕೂಲದ ನೆಪವಿಲ್ಲ. ದೌಂಡ್ ಕಡೆಯ ಬರ ಇಂದು ನಿನ್ನೆಯದಲ್ಲ. ಸಹ್ಯಾದ್ರಿಯ ಮಳೆ ನೆರಳಿನ ಸೀಮೆ ಅದು. ಅಂಥ ಸೀಮೆಯಲ್ಲಿ ನೀರು ಹೀರುವ ಕಬ್ಬು ಬೆಳೆಸಿದ್ದು ನೀತಿ. 2020ರ ಅಕ್ಟೋಬರಿನಲ್ಲಿ ವಾಯುಭಾರ ಕುಸಿತದಿಂದ ಭಾರಿ ಮಳೆ ಸುರಿಯಿತು, ಉಜನಿಯಿಂದ ನೀರು ಬಿಟ್ಟರು, ಕಲಬುರಗಿ ಜಿಲ್ಲೆಯ ಭೀಮಾತೀರದ ಹಳ್ಳಿಗಳು ಮುಳುಗಿದವು. ಗಾಳಿ ಬಿಸಿಯಾದಷ್ಟೂ ಹೆಚ್ಚು ತೇವ ಹಿಡಿದು ಭಾರಿ ಮಳೆಯ ಸಂಭವ ಹೆಚ್ಚುತ್ತದೆ, ನಿಜ. ಆದರೆ ಜಲಾಶಯದಲ್ಲಿ ಎಷ್ಟು ಜಾಗ ಖಾಲಿ ಇಡಬೇಕು, ಕೆಳಗಿನ ರಾಜ್ಯಕ್ಕೆ ಯಾವಾಗ ಎಚ್ಚರಿಕೆ ಕೊಡಬೇಕು ಎಂಬುದು ಮನುಷ್ಯರ ಕೈಯಲ್ಲಿದೆ.

ರಾಜಕಾರಣದ ಮೇಲಿನ ಅನುಮಾನಕ್ಕೆ ವಿಜ್ಞಾನವನ್ನು ತಳ್ಳಿಹಾಕಬೇಕಿಲ್ಲ. ವಿಜ್ಞಾನ ನಂಬಿದೆವೆಂದು ಸರ್ಕಾರ ಹೇಳಿದ ನೀತಿಗೆಲ್ಲ ತಲೆಯಾಡಿಸಬೇಕಾಗಿಯೂ ಇಲ್ಲ. ಯಾರಾದರೂ ಭೂಮಿ ಬಿಸಿಯಾಗಿದೆ ಎಂದರೆ ಅಳತೆ ಏನೆಂದು ಕೇಳಿ. ಅದಕ್ಕೇ ಈ ಯೋಜನೆ ಎಂದರೆ, ಲಾಭ ಯಾರಿಗೆ, ಹೊರೆ ಯಾರ ಮೇಲೆ ಎಂದು ಕೇಳಿ.