ಬೂತಾಯಿ ಮರಳಿ ಬಂದಿದೆ, ಮರಿಗಳನ್ನು ಬಿಟ್ಟರೆ ಉಳಿದೀತು

ಬೂತಾಯಿ ಸಿಗದ ವರ್ಷಗಳನ್ನು ನಮ್ಮ ಮನೆಗಳು ಅಷ್ಟು ಬೇಗ ಮರೆಯಲಾರವು. ಗಂಜಿಯ ಜೊತೆಗೆ ಪುಳಿಮುಂಚಿಯಾಗಿ ವಾರಕ್ಕೆ ಮೂರ್ನಾಲ್ಕು ಸಲ ಬರುತ್ತಿದ್ದ ಮೀನು ಅಪರೂಪವಾಯಿತು. ಬಡವರ ಮೀನು ಬಡವರ ಕೈಗೇ ಎಟುಕದೆ ಹೋಯಿತು. ಒಮಾನಿನಿಂದ ಐಸ್ ಹಾಕಿ ತಂದ ಬೂತಾಯಿ ಪಶ್ಚಿಮ ಕರಾವಳಿಯ ಪೇಟೆಗಳಲ್ಲಿ ಮಾರಾಟವಾಯಿತು. ಕಡಲ ಬದಿಯಲ್ಲೇ ಇರುವ ನಮಗೆ ಗಲ್ಫಿನ ಮೀನು ಬೇಕಾಯಿತಲ್ಲ ಅಂತ ನಗಾಡಿದವರೂ ಉಂಟು. ಆದರೆ ದಕ್ಕೆಯಲ್ಲಿ ಏಲಂ ಕೂಗುವವರಿಗೆ, ಬುಟ್ಟಿ ಹೊರುವವರಿಗೆ, ಬೈಕಿನಲ್ಲಿ ಮನೆಮನೆಗೆ ಮೀನು ಕೊಂಡುಹೋಗುವವರಿಗೆ ಅದು ನಗುವ ಮಾತಾಗಿರಲಿಲ್ಲ. ಅವರಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಾರ, ನೆರೆಯ ಕೇರಳದಲ್ಲಿ 2012ರಲ್ಲಿ ಸಿಕ್ಕಿದ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ ಅದು 3,297 ಟನ್ನಿಗೆ ಇಳಿಯಿತು. ಮುಂದಿನ ವರ್ಷವೇ ಮತ್ತೆ ಒಂದು ಲಕ್ಷ ಟನ್ ದಾಟಿತು. 2024ರಲ್ಲಿ ಸುಮಾರು ಒಂದೂವರೆ ಲಕ್ಷ ಟನ್. ಕೇರಳದ ಕಡಲು, ನಮ್ಮ ಕಡಲು ಅಂತ ಬೂತಾಯಿಗೆ ಗಡಿ ಇಲ್ಲ. ಅಲ್ಲಿನ ಏರಿಳಿತದ ಬಿಸಿ ಇಲ್ಲಿಗೂ ತಟ್ಟುತ್ತದೆ.

ಇದು ಹೀಗೇಕೆ ಮಾಯವಾಗುತ್ತದೆ? ಬೂತಾಯಿಯ ಆಯುಷ್ಯ ಹೆಚ್ಚೆಂದರೆ ಎರಡೂವರೆ ವರ್ಷ. ಒಂದು ವರ್ಷದೊಳಗೆ ಬೆಳೆದು, ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ. ಆ ಹೊತ್ತಿಗೆ ಕಡಲಿನ ಅಡಿಯ ತಂಪು ನೀರು ಮೇಲೆ ಬರಬೇಕು, ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟಬೇಕು, ಮರಿಗಳಿಗೆ ಅದೇ ಹೊಟ್ಟೆಪಾಡು. ಕಡಲು ಬಿಸಿಯಾದರೆ, ಮಳೆ ಹೆಚ್ಚುಕಡಿಮೆಯಾದರೆ ಆ ವರ್ಷದ ಮರಿಗಳು ಉಳಿಯುವುದಿಲ್ಲ. ಇದು ನಮ್ಮ ಕೈಯಲ್ಲಿಲ್ಲ. ಆದರೆ ಇಂಥ ಕೆಟ್ಟ ವರ್ಷದಲ್ಲಿ ಉಳಿದ ಮರಿಗಳನ್ನೂ ಬಲೆ ಹಾಕಿ ಬಳಿದು ಫಿಶ್‌ಮಿಲ್ಲಿಗೆ ಕಳಿಸಿದರೆ ಅದು ಕಡಲಿನ ತಪ್ಪಲ್ಲ.

ಬೂತಾಯಿ ಹೋದರೆ ಹೋಗುವುದು ಬೂತಾಯಿ ಮಾತ್ರ ಅಂತ ತಿಳಿಯಬಾರದು. ಪಾಚಿಯನ್ನು ತಿಂದು ಮೀನಾಗಿಸುವ ಕೆಲಸ ಅದರದ್ದು. ಆ ಮೀನನ್ನು ತಿಂದು ಅಂಜಲ್, ಟ್ಯೂನಾ, ಡಾಲ್ಫಿನ್ ಬದುಕುತ್ತವೆ. ದೋಣಿಯ ಹಿಂದೆ ಹಾರುವ ಹಕ್ಕಿಗಳೂ ಬದುಕುತ್ತವೆ. ಮದುವೆ ಮನೆಯ ಬಟ್ಟಲಿಗೆ ಬರುವ ಅಂಜಲ್ ಕೂಡ ಸಣ್ಣ ಮೀನು ತಿಂದೇ ದೊಡ್ಡದಾದದ್ದು.

ಬೂತಾಯಿಯ ಬಳಗಕ್ಕೆ ಸೇರಿದ ಹೆರಿಂಗ್ ಎಂಬ ಮೀನಿನ ಕಥೆ ಇಲ್ಲಿ ಕೇಳಬೇಕಾದದ್ದು. 1950ರ ದಶಕದಲ್ಲಿ ನಾರ್ವೆಯ ಕಡಲಿನಲ್ಲಿ ಒಂದು ಕೋಟಿ ಟನ್ನಿಗೂ ಮಿಕ್ಕಿ ಹೆರಿಂಗ್ ಇತ್ತು. ಮೀನಿನ ಹಿಂಡು ಎಲ್ಲಿದೆ ಅಂತ ತೋರಿಸುವ ಸೋನಾರ್ ಬಂತು, ದೊಡ್ಡ ಬಲೆಯನ್ನು ಎಳೆಯುವ ಯಂತ್ರ ಬಂತು. ದೊಡ್ಡ ಮೀನು ಹಿಡಿದರು, ಮರಿಗಳನ್ನೂ ಹಿಟ್ಟಿಗೆ, ಎಣ್ಣೆಗೆ ಅಂತ ಹಿಡಿದರು. 1960ರ ದಶಕ ಮುಗಿಯುವಾಗ ಹೆರಿಂಗ್ ಹೆಚ್ಚುಕಡಿಮೆ ಖಾಲಿ. ಐಸ್‌ಲ್ಯಾಂಡಿನ ಸಿಗ್ಲುಫ್ಯೋರ್ದುರ್ ಎಂಬ ಹೆರಿಂಗ್ ಪೇಟೆ ಬಿಕೋ ಎಂದಿತು. ನಾರ್ವೆಯ ರೋಸ್ಟ್ ದ್ವೀಪಗಳಲ್ಲಿ ಹೆರಿಂಗ್ ಮರಿಗಳನ್ನೇ ನಂಬಿದ್ದ ಪಫಿನ್ ಹಕ್ಕಿಗಳ ಮರಿಗಳು ವರ್ಷವರ್ಷವೂ ಗೂಡಿನಲ್ಲೇ ಹಸಿದು ಸತ್ತವು.

ಆಮೇಲೆ ಅಲ್ಲಿ ಹಿಡಿಯುವುದಕ್ಕೆ ಬಿಗಿ ಕಡಿವಾಣ ಬಿತ್ತು. ಆದರೂ ಮೀನು ಕೂಡಲೇ ಬರಲಿಲ್ಲ. 1983ರಲ್ಲಿ ಹುಟ್ಟಿದ ಮರಿಗಳು ಚೆನ್ನಾಗಿ ಉಳಿದವು, ಅವುಗಳನ್ನು ದೊಡ್ಡದಾಗಲು ಬಿಟ್ಟರು, ಅವುಗಳಿಂದಲೇ ಸಂತತಿ ಚೇತರಿಸಿತು. ಹೋದದ್ದು ಮರಳಿ ಬರಲು ಸುಮಾರು ಎರಡು ದಶಕ ಹಿಡಿಯಿತು. ಒಂದು ಒಳ್ಳೆಯ ವರ್ಷದ ಮರಿಗಳನ್ನು ಬೆಳೆಯಲು ಬಿಟ್ಟದ್ದೇ ಅಲ್ಲಿ ದೊಡ್ಡ ಸಂಗತಿ.

ನಮ್ಮ ಬೂತಾಯಿ ಬೇಗ ಬೆಳೆಯುವ ಮೀನು, ಹಾಗಾಗಿ ಬೇಗ ಮರಳಿತು. ಅಷ್ಟೇ ಬೇಗ ಮತ್ತೆ ಹೋಗಲೂಬಹುದು. ಇದು ಹೊಸ ಚಿಂತೆಯೂ ಅಲ್ಲ. ದಕ್ಷಿಣ ಕನ್ನಡವೂ ಮಲಬಾರೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1943ರಲ್ಲಿ, ಮರಿ ಬೂತಾಯಿ ಮತ್ತು ಮೊಟ್ಟೆ ಇರುವ ಬೂತಾಯಿ ಹಿಡಿಯುವುದಕ್ಕೆ ಸರ್ಕಾರ ನಿರ್ಬಂಧ ಹಾಕಿತ್ತು. 1947ರಲ್ಲಿ ಅದನ್ನು ತೆಗೆದರು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯುವಂತಿಲ್ಲ. ನಿಜ ಹೇಳಬೇಕೆಂದರೆ, ಬೂತಾಯಿ ಮೊಟ್ಟೆ ಇಡಲು ತಯಾರಾಗುವುದು ಸುಮಾರು 15 ಸೆಂಟಿಮೀಟರ್ ಆದ ಮೇಲೆ. ಹತ್ತು ಅನ್ನುವುದು ತೀರಾ ಕನಿಷ್ಠದ ಗೆರೆ.

ಕಾನೂನು ಕಡಲಿನಲ್ಲಿ ಎಷ್ಟು ನಡೆಯುತ್ತದೋ ಅಷ್ಟೇ ಪೇಟೆಯಲ್ಲೂ ನಡೆಯಬೇಕು. ಬೋಟಿನವರು ಹಿಡಿಯುವುದು ಮಾರಾಟವಾಗುವ ಮೀನನ್ನು. ಡೀಸೆಲ್ಲಿನ ಖರ್ಚು, ಬ್ಯಾಂಕಿನ ಸಾಲ ತಲೆಯ ಮೇಲೆ ಇರುವವರಿಗೆ ಬಲೆಗೆ ಬಿದ್ದದ್ದನ್ನು ಬಿಡು ಅಂತ ಹೇಳುವುದು ಸುಲಭ, ಬಿಡುವುದು ಕಷ್ಟ. ಅದಕ್ಕೇ ಹೊಣೆ ಅವರೊಬ್ಬರದ್ದಲ್ಲ. ದಕ್ಕೆಯಲ್ಲಿ ಏಲಂ ಹಿಡಿಯುವ ನಮ್ಮ ವ್ಯಾಪಾರಿಗಳು ಮರಿಮೀನಿನ ರಾಶಿಗೆ ಬೆಲೆ ಕಟ್ಟದಿದ್ದರೆ ಆ ಮಾತು ಬೋಟಿನವರೆಗೂ ತಲುಪುತ್ತದೆ. ಮನೆ ಬಾಗಿಲಿಗೆ ಬಂದ ಮೀನು ನಡುಬೆರಳಿಗಿಂತ ಉದ್ದ ಇಲ್ಲದಿದ್ದರೆ, “ಇದು ಬೇಡ ಕಾಕಾ, ದೊಡ್ಡದು ಬಂದಾಗ ತನ್ನಿ” ಅಂತ ಹೇಳಲು ನಮ್ಮ ಮನೆಯ ಹೆಂಗಸರಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಇಂದು ಕಡಿಮೆ ಕ್ರಯಕ್ಕೆ ಸಿಕ್ಕಿದ ಒಂದು ಕಿಲೋ ಮರಿಗಳು ಕೆಲವೇ ತಿಂಗಳಲ್ಲಿ ಹಲವು ಕಿಲೋ ಆಗುತ್ತಿದ್ದವು, ಮೊಟ್ಟೆಯನ್ನೂ ಇಡುತ್ತಿದ್ದವು. ಅಷ್ಟು ಕಾಯುವ ತಾಳ್ಮೆ ಪೇಟೆಗೆ ಇದ್ದರೆ ಬೂತಾಯಿ ಬಡವರ ಮೀನಾಗಿಯೇ ಉಳಿದೀತು.