ಹೆಗಲಿನ ಭಾರ ಸೊಂಟಕ್ಕೆ

ಬೇಟೆಯ ಮಾಂಸ ಹೊರುವ ಬೆನ್ನುಚೀಲದ ಪಟ್ಟಿಗಳಿಗೆ ಎಷ್ಟು ಮೆತ್ತೆ ಸೇರಿಸಿದರೂ ಹೆಗಲುನೋವು ತಪ್ಪದು; ಭಾರ ಬೀಳುವ ಸ್ಥಾನ ಬದಲಾಗುವುದಿಲ್ಲವಷ್ಟೆ. 1920ರ ದಶಕದಿಂದ ಅಮೆರಿಕದ ಬೇಟೆಗಾರರು ಬಳಸಿದ ‘ಟ್ರ್ಯಾಪರ್ ನೆಲ್ಸನ್’ ಎಂಬ ಮರದ ಚೌಕಟ್ಟಿನ ಚೀಲದಲ್ಲಿಯೂ ಹೊರೆಯೆಲ್ಲ ಹೆಗಲಿನದೇ ಆಗಿತ್ತು. ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿಯವರು ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬುಗಳಿಗೆ ತೂರಿಸಿ ನಡೆದಾಗ ಭಾರವು ಸೊಂಟಕ್ಕಿಳಿಯಿತು. ಕೆಲ್ಟಿಯವರ ಸೊಂಟಪಟ್ಟಿಯ ಮೂಲ ಇದೇ. 1952ರಲ್ಲಿ ಅವರು ಅಲ್ಯೂಮಿನಿಯಂ ಚೌಕಟ್ಟುಗಳನ್ನು ತಯಾರಿಸಿದರು, ಪತ್ನಿ ಚೀಲಗಳನ್ನು ಹೊಲಿದರು. ಮೊದಲ ವರ್ಷ ಮಾರಾಟವಾದದ್ದು 29 ಚೀಲ, ತಲಾ 24 ಡಾಲರಿನಂತೆ. ಒಟ್ಟು 696 ಡಾಲರ್. ಲೆಕ್ಕಪರಿಶೋಧಕನ ಕಣ್ಣಿಗೆ ಇದು ಉದ್ಯಮವೆಂದೇ ತೋರದು! ನಮ್ಮ ಚೀಲ ತಯಾರಕರು ಗಮನಿಸಬೇಕಾದುದೊಂದಿದೆ. ಮೆತ್ತನೆಯ ಬಟ್ಟೆಚೀಲಕ್ಕೆ ಸೊಂಟಪಟ್ಟಿಯನ್ನಷ್ಟೇ ಹೊಲಿದರೆ ಪ್ರಯೋಜನ ಅತ್ಯಲ್ಪ. ಭಾರವನ್ನು ಪಟ್ಟಿಯವರೆಗೆ ಇಳಿಸುವ ಗಟ್ಟಿ ಚೌಕಟ್ಟಿಲ್ಲದಿದ್ದರೆ ಅದಕ್ಕೆ ತಗಲಿದ ವೆಚ್ಚ ಅಲಂಕಾರದ ಬಾಬ್ತಿಗೆ ಸೇರುತ್ತದೆ.