ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?

ಮೊದಲ ಸಲ ಅಪ್ಪನಿಗೆ ಮೀನಿನ ಫೋಟೊ ವಾಟ್ಸ್ಆ್ಯಪ್ ಮಾಡಿದಾಗ ಅವರು ಕೇಳಿದ್ದು, "ಸಾರು ಮಾಡಿದ್ಯಾ?" ಅಂತ. "ಇಲ್ಲಪ್ಪ, ವಾಪಸ್ ನೀರಿಗೆ ಬಿಟ್ಟೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡೋದಾದ್ರೆ ಹಿಡಿಯೋದ್ಯಾಕೆ ಮಾರಾಯಾ?" ಅಂದ್ರು.

ನಮ್ಮದು ಮಲೆನಾಡು. ಮುಂಗಾರಿನ ಮೊದಲ ನೀರಿಗೆ ಗದ್ದೆಗೆ ಹತ್ತುವ ಮೀನು ಹಿಡಿದರೆ ಅದು ಅವತ್ತಿನ ಊಟ. ಶೃಂಗೇರಿಯ ತುಂಗೆಯಲ್ಲಾದರೆ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರ್ತೀವಿ. ತಿನ್ನೋದು, ಇಲ್ಲಾ ಮುಟ್ಟದೇ ಇರೋದು. ನಡುವಿನ ದಾರಿ ನಾನು ಕಲಿತದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವಹಾನಾ ನದಿಯಲ್ಲಿ.

ಹ್ಯಾರಿಸ್‌ಬರ್ಗ್ ಹತ್ತಿರ ಈ ನದಿ ಹೆಚ್ಚುಕಡಿಮೆ ಒಂದು ಮೈಲಿ ಅಗಲ. ಆದರೆ ಆಳ ಕಡಿಮೆ, ತುಂಬ ಬಂಡೆ. ಅದರ ಮೇಲೆ 1902ರಲ್ಲಿ ಕಟ್ಟಿದ, 48 ಕಮಾನುಗಳ ರಾಕ್‌ವಿಲ್ ರೈಲು ಸೇತುವೆ ಇದೆ. ಇಲ್ಲಿನ ರಾಜ ಸ್ಮಾಲ್‌ಮೌತ್ ಬ್ಯಾಸ್. ಕಂಚಿನ ಮೈ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಪಟ್ಟೆ, ಕೆಂಪು ಕಣ್ಣು. ಅದು ಈ ನದಿಯ ಮೂಲನಿವಾಸಿಯೂ ಅಲ್ಲ. 19ನೇ ಶತಮಾನದಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟದ್ದು. ನಮ್ಮ ಹಾಗೇ ವಲಸೆ ಬಂದು ನೆಲೆ ನಿಂತ ಜೀವ ಅನ್ನಿ.

ಎಲೆ ಉದುರುವಾಗ

ಬೇಸಿಗೆಯಲ್ಲಿ ಈ ಮೀನು ನದಿಯ ತುಂಬ ಹರಡಿಕೊಂಡಿರತ್ತೆ. ಅಕ್ಟೋಬರ್‌ನಲ್ಲಿ ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಿದ್ದಂತೆ ಚಳಿಗಾಲಕ್ಕೆ ಮೈ ತುಂಬಿಸಿಕೊಳ್ಳೋಕೆ ಶುರು ಮಾಡತ್ತೆ. ಸಣ್ಣ ಮೀನು, ಕ್ರೇಫಿಶ್ (ಸೀಗಡಿಗೆ ಏಡಿಯ ಕೊಂಡಿ ಅಂಟಿಸಿದ ಹಾಗೆ ಇರತ್ತೆ) ಇವೇ ಆಹಾರ. ನೀರು 10 ಡಿಗ್ರಿಗೆ ಬರೋ ಹೊತ್ತಿಗೆ ಸೆಳವು ಕಡಿಮೆ ಇರುವ ಆಳದ ಮಡುಗಳಿಗೆ ಸರಿದು ಗುಂಪು ಕಟ್ಟುತ್ತೆ. ಮಡು ಗೊತ್ತಾದರೆ ಅರ್ಧ ಕೆಲಸ ಮುಗೀತು.

ಇನ್ನರ್ಧ ತಾಳ್ಮೆ. ನಮ್ಮಂಥವರಿಗೆ ಅದೇ ಕಷ್ಟ. ಮೊದಲ ಸೀಸನ್‌ನಲ್ಲಿ ನಾನು ಎರಡು ನಿಮಿಷಕ್ಕೊಮ್ಮೆ ಗಾಳ ಎಸೆದು ಸರಸರ ಎಳೀತಿದ್ದೆ. ಸಿಕ್ಕಿದ್ದು ಬರೀ ಮೇಪಲ್ ಎಲೆ. ತಣ್ಣೀರಿನಲ್ಲಿ ಮೀನಿನ ಚಯಾಪಚಯ ನಿಧಾನವಾಗತ್ತೆ, ಅದು ಅಟ್ಟಿಸಿಕೊಂಡು ಬರಲ್ಲ. ರಬ್ಬರಿನ ಟ್ಯೂಬ್ ಜಿಗ್ಗನ್ನು ತಳಕ್ಕೆ ಬಿಟ್ಟು, ಒಂದು ಗೇಣು ಎಳೆದು, ಹತ್ತು ಎಣಿಸಿ, ಮತ್ತೆ ಒಂದು ಗೇಣು. ಕಚ್ಚಿದರೂ ಜಗ್ಗಿದಂತೆ ಆಗಲ್ಲ, ಒದ್ದೆ ಎಲೆ ಸಿಕ್ಕಿಕೊಂಡಂತೆ ಸ್ವಲ್ಪ ಭಾರ ಅಷ್ಟೇ.

ಆ ಒಂದು ಫೋಟೊ

ಎರಡನೇ ವರ್ಷ ನವೆಂಬರ್‌ನಲ್ಲಿ 19 ಇಂಚಿನದೊಂದು ಸಿಕ್ಕಿತು. ಇಂಥ ನದಿಗಳಲ್ಲಿ ಅಷ್ಟು ಬೆಳೆಯೋಕೆ ಎಂಟು-ಹತ್ತು ವರ್ಷ ಬೇಕು. ನನಗೆ ಆಗ ಇದ್ದ ಯೋಚನೆ ಫೋಟೊದ್ದು ಮಾತ್ರ. ಒಣಗಿದ ಕಲ್ಲಿನ ಮೇಲೆ ಮಲಗಿಸಿದೆ, ಗ್ಲೌಸ್ ಬಿಚ್ಚಿದೆ, ಫೋನ್ ಅನ್‌ಲಾಕ್ ಆಗಲಿಲ್ಲ, ಆಮೇಲೆ ಬೆಳಕು ಸರಿ ಇಲ್ಲ ಅಂತ ಇನ್ನೊಂದು ತೆಗೆದೆ. ನೀರಿಗೆ ಬಿಟ್ಟಾಗ ಅದು ಹೊಟ್ಟೆ ಮೇಲಾಗಿ ತೇಲಿತು. ಸೆಳವಿಗೆ ಮುಖ ಮಾಡಿ ಅರ್ಧ ಗಂಟೆ ಹಿಡಿದು ನಿಂತೆ. ಕೈ ಮರಗಟ್ಟಿತು. ಕಿವಿರು ಅಲ್ಲಾಡೋದು ನಿಂತೇ ಹೋಯ್ತು.

ಈ ನದಿಯ ಕಥೆ ಗೊತ್ತಿದ್ದದ್ದರಿಂದ ಇನ್ನೂ ಬೇಜಾರಾಯ್ತು. 2005ರಲ್ಲಿ ಇಲ್ಲಿ ಬ್ಯಾಸ್ ಮರಿಗಳು ರೋಗ ಬಂದು ದೊಡ್ಡ ಸಂಖ್ಯೆಯಲ್ಲಿ ಸತ್ತವು. 2015ರ ಒಂದು ಸರ್ಕಾರಿ ಅಧ್ಯಯನ ಸೋಂಕು, ಪರೋಪಜೀವಿ, ಹಾರ್ಮೋನ್ ಏರುಪೇರು ಮಾಡುವ ರಾಸಾಯನಿಕಗಳ ಕಡೆ ಬೆರಳು ತೋರಿಸಿತು. ಮೀನಿನ ಸಂಖ್ಯೆ ಕುಸಿದ ಮೇಲೆ, ಹಿಡಿದ ಬ್ಯಾಸನ್ನು ತಕ್ಷಣ ಬಿಡಬೇಕು ಅನ್ನೋ ನಿಯಮ ನದಿಯ ಒಂದು ಭಾಗಕ್ಕೆ ಬಂತು. ನಾನು ನಿಯಮ ಪಾಲಿಸಿದ್ದೆ. ಮೀನು ಮಾತ್ರ ಸತ್ತಿತ್ತು.

ಬಿಡೋದೂ ಒಂದು ವಿದ್ಯೆ

ಆಮೇಲೆ ಕಲಿತದ್ದು ಇಷ್ಟು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬಿಡಿಸೋದು ಸುಲಭ. ಒದ್ದೆ ಕೈಯಲ್ಲೇ ಹಿಡಿಯಿರಿ, ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತುಬಿಡತ್ತೆ. ಮೀನನ್ನು ಬಲೆಯಲ್ಲಿ ನೀರೊಳಗೇ ಇಟ್ಟುಕೊಂಡು ಕ್ಯಾಮೆರಾ ರೆಡಿ ಮಾಡಿ. ನೀವು ಉಸಿರು ಕಟ್ಟಿಕೊಳ್ಳಿ, ನಿಮಗೆ ಕಷ್ಟ ಅನಿಸುವ ಮೊದಲೇ ಅದು ವಾಪಸ್ ನೀರಲ್ಲಿರಲಿ. ಗಾಳ ಗಂಟಲೊಳಗೆ ಇಳಿದಿದ್ದರೆ ಎಳೀಬೇಡಿ, ದಾರ ಕತ್ತರಿಸಿ.

ನಿಮ್ಮ ಜೀವದ್ದೂ ಗಮನ ಇರಲಿ. ತಣ್ಣೀರಿಗೆ ಬಿದ್ದರೆ ಕೈಕಾಲು ಬೇಗ ಸೋಲುತ್ತವೆ. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕ್‌ನಂಥ ಸಣ್ಣ ದೋಣಿಯಲ್ಲಿ ಲೈಫ್ ಜಾಕೆಟ್ ಕಡ್ಡಾಯ. 16 ವರ್ಷ ತುಂಬಿದವರಿಗೆ ಮೀನು ಹಿಡಿಯೋಕೆ ಲೈಸೆನ್ಸೂ ಬೇಕು.

ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಬಿಟ್ಟರೂ ಮೀನಿಗೆ ನೋವಾಗತ್ತೆ, ಅದನ್ನು ಸುಳ್ಳು ಅನ್ನಲಾರೆ. ಆದರೆ ಗಾಳ ಹಿಡಿಯದೇ ಇದ್ದಿದ್ರೆ ಈ ನದಿಯ ಕಾಯಿಲೆ ಬಗ್ಗೆ ನಾನು ಓದ್ತಾನೇ ಇರಲಿಲ್ಲ. ಈಗ ಮೂರು ಮೀನಾದ ಮೇಲೆ ಗಾಳ ಸುತ್ತಿಡ್ತೀನಿ, ಫೋಟೊ ತೆಗೆಯೋದು ಅಪರೂಪ.

ಆ 19 ಇಂಚಿನ ಮೀನಿನ ವಿಷಯ ಅಪ್ಪನಿಗೂ ಹೇಳಿದ್ದೆ. ಆಮೇಲಿಂದ ಭಾನುವಾರ ಫೋನ್ ಮಾಡಿದಾಗ ಅವರು ಎಷ್ಟು ಹಿಡಿದೆ ಅಂತ ಕೇಳಲ್ಲ. "ಬಿಟ್ಟಿದ್ದೆಲ್ಲ ಈಜಿಕೊಂಡು ಹೋದ್ವಾ?" ಅಂತಾರೆ.